ಮನೆಯಲ್ಲಿ ದಸರಾ ಗೊಂಬೆ ಕೂರಿಸುವುದು: ಅಳತೆಯಿಂದ ಅಟ್ಟದವರೆಗೆ

ಪಿತೃಪಕ್ಷ ಶುರುವಾಯಿತೆಂದರೆ ವರ್ಷ ವರ್ಷವೂ ಅವೇ ಪ್ರಶ್ನೆಗಳು. ಎಷ್ಟು ಮೆಟ್ಟಿಲು ಇಡಬೇಕು? ಪಟ್ಟದ ಗೊಂಬೆ ಇಲ್ಲದಿದ್ದರೆ ಕೂರಿಸಬಹುದೇ? ತವರಿನಲ್ಲಿ ಪದ್ಧತಿ ಇತ್ತು, ಅತ್ತೆ ಮನೆಯಲ್ಲಿ ಇಲ್ಲ, ಹೊಸದಾಗಿ ಶುರು ಮಾಡಬಹುದೇ? ಹೋದ ವರ್ಷ ಚೆನ್ನಾಗಿಯೇ ಎತ್ತಿಟ್ಟ ಗೊಂಬೆಯ ಮುಖದ ಬಣ್ಣ ಈ ವರ್ಷ ಕಾಗದಕ್ಕೆ ಅಂಟಿಕೊಂಡು ಬಂದಿದೆ, ಏನು ಮಾಡಲಿ?

ಮೊದಲ ಮೂರಕ್ಕೆ ಉತ್ತರ ಸುಲಭ. ಬೆಸ ಸಂಖ್ಯೆಯ ಮೆಟ್ಟಿಲು ಇಡುವುದು ರೂಢಿ: 3, 5, 7 ಅಥವಾ 9. ಪಟ್ಟದ ಜೋಡಿ ಒಂದು ಇದ್ದರೆ ಸಾಕು, ಉಳಿದದ್ದು ವರ್ಷಕ್ಕೊಂದರಂತೆ ತಾನಾಗಿ ಸೇರಿಕೊಳ್ಳುತ್ತದೆ. ಹೊಸದಾಗಿ ಶುರು ಮಾಡಲು ಅಡ್ಡಿಯಿಲ್ಲ, ಮನೆಯ ಹಿರಿಯರಿಗೆ ಒಂದು ಮಾತು ಹೇಳಿ. ನಾಲ್ಕನೆಯ ಪ್ರಶ್ನೆಯೇ ನಿಜವಾದ ತೊಂದರೆ. ಗೊಂಬೆ ಹಾಳಾಗುವುದು ಕೂರಿಸಿದ ಹತ್ತು ದಿನಗಳಲ್ಲಲ್ಲ, ಅಟ್ಟದ ಮೇಲಿರುವ ಮಿಕ್ಕ ಹನ್ನೊಂದೂವರೆ ತಿಂಗಳಲ್ಲಿ. ಹಾಗಾಗಿ ಇಲ್ಲಿ ಅಳತೆಗೂ ಎತ್ತಿಡುವ ಕ್ರಮಕ್ಕೂ ಹೆಚ್ಚು ಜಾಗ ಕೊಟ್ಟಿದೆ. ಅಲಂಕಾರದ ಬಗ್ಗೆ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ.

ಇಲ್ಲಿರುವುದು ಹಳೇ ಮೈಸೂರು ಮತ್ತು ಬೆಂಗಳೂರು ಕಡೆಯ ಪದ್ಧತಿ. ತಮಿಳರ ಕೊಲು, ತೆಲುಗರ ಬೊಮ್ಮಲ ಕೊಲುವು ಇದಕ್ಕೆ ಹತ್ತಿರದ ನೆಂಟರು. ಉತ್ತರ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಇದೇ ದಿನಗಳಲ್ಲಿ ಘಟ ಹಾಕುತ್ತಾರೆ, ಅದರ ಕ್ರಮವೇ ಬೇರೆ.

ಮೊದಲು ಕೆಲವು ಪದಗಳು

ಪಟ್ಟದ ಗೊಂಬೆ: ರಾಜ ರಾಣಿಯರ ಮರದ ಜೋಡಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಮಗಳಿಗೆ ಕೊಟ್ಟು ಕಳಿಸುವುದು ರೂಢಿ. ಹಳೆಯ ಜೋಡಿಗಳು ಹೆಚ್ಚಾಗಿ ರಕ್ತಚಂದನದವು.

ಚರ್ಪು: ಸಂಜೆ ಆರತಿಯಾದ ಮೇಲೆ ಮಕ್ಕಳಿಗೆ ಹಂಚುವ ತಿಂಡಿ. ಉಸಲಿ, ಕೊಬ್ಬರಿ ಮಿಠಾಯಿ, ಪುರಿ ಉಂಡೆ, ಏನಾದರೂ ಆಗಬಹುದು.

ಅರಗು: ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪಿನ ಲೇಪ. ಅರಗಿನ ಹುಳು ಸ್ರವಿಸುವ ಅಂಟಿನಿಂದ ಆದದ್ದು. ಒಳಗಿನದು ಹಾಲೆ ಮರ.

ಏನೇನು ಬೇಕು

ಐದು ಮೆಟ್ಟಿಲಿಗೆ ಲೆಕ್ಕ ಹೇಳುತ್ತೇವೆ. 4 ಅಡಿ ಉದ್ದದ ಐದು ಹಲಗೆ ಅಥವಾ ಅದಕ್ಕೆ ಸಮನಾದ ಪೆಟ್ಟಿಗೆ, ಬೆಂಚು, ಮೇಜು. 8 ಮೊಳದ ಬಿಳಿ ಪಂಚೆ ಒಂದು. ದೊಡ್ಡ ಸೇಫ್ಟಿ ಪಿನ್ನು ಇಪ್ಪತ್ತು. ಒಂದಿಂಚಿನ ಹೊಸ ಪೇಂಟ್ ಬ್ರಷ್ಷು ಒಂದು, ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಒಂದಿಷ್ಟು. ಎರಡಿಂಚು ಆಳದ ಎರಡು ತಟ್ಟೆ ಅಥವಾ ಟ್ರೇ, ಕಾಲು ಕೆ.ಜಿ. ರಾಗಿ. ಎಲ್‌ಇಡಿ ದೀಪದ ಸರ ಒಂದು. ಅಳತೆ ಟೇಪು ಮರೆಯಬೇಡಿ.

1. ದಿನ ಗೊತ್ತು ಮಾಡಿಕೊಳ್ಳಿ

ಗೊಂಬೆ ಕೂರಿಸುವುದು ಆಶ್ವಯುಜ ಶುದ್ಧ ಪಾಡ್ಯದಂದು, ಅಂದರೆ ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ. ಎಷ್ಟೋ ಮನೆಗಳಲ್ಲಿ ಅಮಾವಾಸ್ಯೆಯ ಸಂಜೆಯೇ ಮೆಟ್ಟಿಲು ಕಟ್ಟಿ, ಪಾಡ್ಯದ ಬೆಳಿಗ್ಗೆ ಪಟ್ಟದ ಗೊಂಬೆ ಇಟ್ಟು ಶುರು ಮಾಡುತ್ತಾರೆ. ಒಂಬತ್ತು ದಿನ ಸಾಧ್ಯವಿಲ್ಲದವರು ಸಪ್ತಮಿಯ ಸರಸ್ವತಿ ಪೂಜೆಯಿಂದ ದಶಮಿಯವರೆಗೆ ಮಾತ್ರ ಕೂರಿಸುವುದೂ ಉಂಟು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಒಳ್ಳೆಯ ದಾರಿ.

ತಿಥಿ ಬೆಳೆಯುವುದು, ಕಳೆಯುವುದು ನೆನಪಿರಲಿ. 2025ರಲ್ಲಿ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನದ ದಸರಾ ಆಯಿತು. ಕಾಳು ನೆನೆಹಾಕುವ ಲೆಕ್ಕದಿಂದ ಹಿಡಿದು ಊರಿಗೆ ಹೋಗುವ ಟಿಕೆಟ್‌ವರೆಗೆ ಒಂದು ದಿನ ಹೆಚ್ಚು ಕಡಿಮೆಯಾಗುತ್ತದೆ. ಹೊರದೇಶದಲ್ಲಿರುವವರು ತಮ್ಮ ಊರಿನ ಪಂಚಾಂಗ ನೋಡಿಕೊಳ್ಳಿ, ಅಲ್ಲಿ ತಿಥಿ ಒಂದು ದಿನ ಹಿಂದುಮುಂದಾಗಬಹುದು.

ಪಿತೃಪಕ್ಷದಲ್ಲಿ ಹೊಸ ಸಾಮಾನು ಕೊಳ್ಳದ ಮನೆಗಳಿವೆ. ನಿಮ್ಮದೂ ಅಂಥ ಮನೆಯಾದರೆ ಹೊಸ ಗೊಂಬೆಯನ್ನು ಗಣೇಶನ ಹಬ್ಬದ ಆಸುಪಾಸಿನಲ್ಲೇ ತಂದಿಟ್ಟುಕೊಳ್ಳಿ. ಸೂತಕವಿದ್ದ ವರ್ಷ ಏನು ಮಾಡಬೇಕೆಂಬುದು ಮನೆಯಿಂದ ಮನೆಗೆ ಬೇರೆ. ಅದನ್ನು ಲೇಖನದಲ್ಲಿ ಹುಡುಕಬೇಡಿ, ಮನೆಯಲ್ಲಿ ಕೇಳಿ.

2. ಗೊಂಬೆ ಇಳಿಸಿ, ಯಾವುದು ಯಾವ ವಸ್ತುವಿನದೆಂದು ಬೇರೆ ಮಾಡಿ

ಇದನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಮಾಡಿ. ಒರೆಸುವ ಮೊದಲು ನಾಲ್ಕು ಗುಂಪು ಮಾಡಿಕೊಳ್ಳಿ: ಮಣ್ಣು, ಪ್ಲಾಸ್ಟರ್, ಕಾಗದ, ಮರ. ಎಲ್ಲವನ್ನೂ ಒಂದೇ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಅತಿ ಸಾಮಾನ್ಯ ತಪ್ಪು.

ಮಣ್ಣೋ ಪ್ಲಾಸ್ಟರೋ ಗೊತ್ತಾಗದಿದ್ದರೆ ತಿರುಗಿಸಿ ತಳ ನೋಡಿ. ಬಣ್ಣ ಹಚ್ಚದ ಒಳಭಾಗ ಕೆಂಪಗಿದ್ದರೆ ಸುಟ್ಟ ಮಣ್ಣು. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಪ್ಲಾಸ್ಟರ್. ಉಗುರಿನಿಂದ ತಟ್ಟಿದಾಗ ಚೆನ್ನಾಗಿ ಬೆಂದ ಮಣ್ಣು ಮಡಕೆಯಂತೆ ಠಣ್ ಎನ್ನುತ್ತದೆ, ಪ್ಲಾಸ್ಟರ್ ಮೊದ್ದಾಗಿ ಸದ್ದು ಮಾಡುತ್ತದೆ. ಮಣ್ಣಿನ ಗೊಂಬೆಯೇ ಮೊದ್ದು ಸದ್ದು ಮಾಡಿದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದು ಅರ್ಥ. ಅಂಗಡಿಯಲ್ಲಿ ಕೊಳ್ಳುವಾಗಲೂ ಹೀಗೇ ತಟ್ಟಿ ನೋಡಿ.

ಮಣ್ಣು ಮತ್ತು ಪ್ಲಾಸ್ಟರ್ ಗೊಂಬೆಗೆ ಬಳಿಯುವ ಬಣ್ಣ ಬಹಳ ಸಲ ನೀರಿನಲ್ಲಿ ಕದಡಿದ್ದು, ನೀರಿಗೇ ಬಿಡುತ್ತದೆ. ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಧೂಳು ಉದುರಿಸಿ, ಅಷ್ಟೇ. ಕಾಗದದ ಗೊಂಬೆಗೂ ಒಣ ಬ್ರಷ್ಷೇ.

ಚನ್ನಪಟ್ಟಣದ ಗೊಂಬೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಹೊಳಪು ಮಾಸಿದ್ದರೆ ಬಟ್ಟೆಗೆ ಒಂದೇ ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಸ್ಪಿರಿಟ್ಟು, ಸ್ಯಾನಿಟೈಸರ್ ಹತ್ತಿರ ತರಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲೇ ಗೊಂಬೆ ಹಿಡಿದರೆ ಬೆರಳಿನ ಗುರುತು ಮಂಜು ಕವಿದಂತೆ ಕೂತುಬಿಡುತ್ತದೆ, ಬಣ್ಣವೂ ಕೈಗೆ ಹತ್ತುತ್ತದೆ. ರಕ್ತಚಂದನದ ಬಣ್ಣಕ್ಕೂ ಆಲ್ಕೋಹಾಲ್ ಆಗದು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಇದ್ದರೆ ಅದಕ್ಕೆ ನೀರು ಸೋಕಿಸಲೇಬೇಡಿ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟಿನ ಮೆತ್ತು ಹಾಕಿ ಬಣ್ಣ ಕೊಟ್ಟ ಕೆಲಸ ಅದು. ತೇವ ತಗುಲಿದರೆ ಮೆತ್ತು ಉಬ್ಬಿ ಬಣ್ಣ ಪೊರೆ ಪೊರೆಯಾಗಿ ಏಳುತ್ತದೆ.

ಮುರಿದ ಬೆರಳು, ಮೂಗು: ತುಂಡು ಸಿಕ್ಕಿದ್ದರೆ ಮರಗೆಲಸದ ಬಿಳಿ ಅಂಟು ಹಚ್ಚಿ ಒಂದು ರಾತ್ರಿ ಬಿಡಿ. ತುಂಡು ಕಳೆದಿದ್ದರೆ ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿಯಿಂದ ತಿದ್ದಿ, ಪೂರ್ತಿ ಗಟ್ಟಿಯಾದ ಮೇಲೆ ಪೋಸ್ಟರ್ ಬಣ್ಣ ಹಚ್ಚಿ. ದೇವರ ಗೊಂಬೆ ಭಿನ್ನವಾದರೆ ಇಡುವುದಿಲ್ಲ ಎನ್ನುವ ಮನೆಗಳಿವೆ. ಹಾಗಿದ್ದರೂ ಬಣ್ಣದ ಗೊಂಬೆಯನ್ನು ಕೆರೆಗೋ ಬಾವಿಗೋ ಹಾಕಬೇಡಿ. ಪ್ಲಾಸ್ಟರ್ ಸುಲಭಕ್ಕೆ ಕರಗದು, ಬಣ್ಣ ಮಾತ್ರ ನೀರಿಗೆ ಸೇರುತ್ತದೆ.

3. ಅಳತೆ ಹಾಕಿ, ಆಮೇಲೆ ಮೆಟ್ಟಿಲು ಕಟ್ಟಿ

ಒಂಬತ್ತು ಮೆಟ್ಟಿಲು ಎಂಬ ಆಸೆ ಬಿಟ್ಟು ಮೊದಲು ಟೇಪು ಹಿಡಿಯಿರಿ. ಪ್ರತಿ ಮೆಟ್ಟಿಲಿಗೆ 9 ಇಂಚು ಎತ್ತರ, 10 ಇಂಚು ಆಳ ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ.

ಐದು ಮೆಟ್ಟಿಲು: ಎತ್ತರ 45 ಇಂಚು, ಗೋಡೆಯಿಂದ ಮುಂದಕ್ಕೆ 50 ಇಂಚು.
ಏಳು ಮೆಟ್ಟಿಲು: ಎತ್ತರ 63, ಮುಂದಕ್ಕೆ 70.
ಒಂಬತ್ತು ಮೆಟ್ಟಿಲು: ಎತ್ತರ 81, ಮುಂದಕ್ಕೆ 90 ಇಂಚು, ಅಂದರೆ ಏಳೂವರೆ ಅಡಿ.

ಹತ್ತಡಿಯ ಹಾಲಿನಲ್ಲಿ ಏಳೂವರೆ ಅಡಿ ಗೊಂಬೆಗೇ ಹೋದರೆ ಬಂದವರು ಎಲ್ಲಿ ಕೂರಬೇಕು? ಆರತಿ ಎಲ್ಲಿ ಎತ್ತಬೇಕು? ಫ್ಲ್ಯಾಟಿನ ಮನೆಗೆ ಐದು ಮೆಟ್ಟಿಲು ಧಾರಾಳವಾಯಿತು. ಹೊಸಬರಿಗೆ ಮೂರು ಸಾಕು.

ಮೆಟ್ಟಿಲ ಎತ್ತರಕ್ಕೂ ಗೊಂಬೆಯ ಎತ್ತರಕ್ಕೂ ಸಂಬಂಧವಿದೆ. ಕೆಳಗಿನ ಗೊಂಬೆಯ ತಲೆ ಮೇಲಿನ ಗೊಂಬೆಯ ಮೊಣಕಾಲು ದಾಟಬಾರದು. 9 ಇಂಚಿನ ಮೆಟ್ಟಿಲಿಗೆ 10, 11 ಇಂಚಿನ ಗೊಂಬೆ ನಡೆಯುತ್ತದೆ. 15 ಇಂಚಿನದನ್ನು ನಡುವೆ ಇಟ್ಟರೆ ಹಿಂದಿನ ಸಾಲು ಮುಚ್ಚಿಹೋಗುತ್ತದೆ. ಅಂಥದನ್ನು ಮೇಲಿನ ಮೆಟ್ಟಿಲಲ್ಲಿಡಿ, ಇಲ್ಲವೇ ಮೆಟ್ಟಿಲ ಪಕ್ಕ ನೆಲದ ಮೇಲೆ. ಜೋಡಿಸಿದ ಮೇಲೆ ನಿಂತು ನೋಡಿ ಸಮಾಧಾನಪಡಬೇಡಿ, ನೆಲದ ಮೇಲೆ ಕೂತು ನೋಡಿ. ಚರ್ಪಿಗೆ ಬರುವ ಮಕ್ಕಳ ಕಣ್ಣು ಇರುವುದು ಆ ಎತ್ತರದಲ್ಲಿ.

ಮನೆಯ ಸಾಮಾನಿನಲ್ಲೇ ಮೂರು ಮೆಟ್ಟಿಲು: ಗೋಡೆಗೆ ಊಟದ ಮೇಜು (ಸುಮಾರು 30 ಇಂಚು), ಅದರ ಮುಂದೆ ಬೆಂಚು (18 ಇಂಚು), ಅದರ ಮುಂದೆ 9 ಇಂಚಿನ ಪೆಟ್ಟಿಗೆಗಳ ಸಾಲು. ಮೇಜು ಪೂರಾ ಹಿಂದಕ್ಕೆ ಸರಿದಿರಲಿ, ಬೆಂಚು ಅದಕ್ಕೆ ಒತ್ತಿಕೊಂಡಿರಲಿ. ರಟ್ಟಿನ ಪೆಟ್ಟಿಗೆ ಬಳಸುವುದಾದರೆ ಒಳಗೆ ಹಳೆಯ ಪುಸ್ತಕ ತುಂಬಿ ಟೇಪು ಸುತ್ತಿ. ಖಾಲಿ ರಟ್ಟು ಮೊದಲ ದಿನ ನಿಲ್ಲುತ್ತದೆ, ಮೂರನೆಯ ದಿನ ಮಣ್ಣಿನ ಗೊಂಬೆಯ ಭಾರಕ್ಕೆ ನಡು ಕುಸಿಯುತ್ತದೆ. ಹಳೆಯ ಟ್ರಂಕುಗಳಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಕಬ್ಬಿಣದ ಸ್ಲಾಟೆಡ್ ಆಂಗಲ್ (ಉದ್ದಕ್ಕೂ ತೂತುಗಳಿರುವ ಪಟ್ಟಿ) ಸ್ಟ್ಯಾಂಡ್ ಮಾಡಿಸುವವರಿಗೆ ಎರಡು ಮಾತು. 4 ಅಡಿ ಉದ್ದಕ್ಕೆ 12 ಮಿ.ಮೀ. ಪ್ಲೈವುಡ್ ನಡುವೆ ಬಾಗುತ್ತದೆ. 18 ಮಿ.ಮೀ. ಹಾಕಿಸಿ, ಇಲ್ಲವೇ ನಡುವೆ ಒಂದು ಆಧಾರ ಕೊಡಿಸಿ. ಪ್ರತಿ ಮೂಲೆಗೆ ಮೂರು ಮೂಲೆಯ ತಗಡು ಹಾಕಿ ನಟ್ಟು ಬಿಗಿಯಿರಿ. ಬಟ್ಟೆ ಹಾಸುವ ಮೊದಲು ಎರಡೂ ಕೈಯಿಂದ ಪಕ್ಕಕ್ಕೆ ದೂಡಿ ನೋಡಿ. ಅಲುಗಾಡಿದರೆ ಹಿಂದುಗಡೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಕಟ್ಟಿ.

ಜಾಗದ ವಿಷಯ: ಪೂರ್ವ ಅಥವಾ ಉತ್ತರಕ್ಕೆ ಮುಖ ಮಾಡುವುದು ರೂಢಿ. ಆದರೆ ಆ ದಿಕ್ಕಿಗೆ ಕಿಟಕಿ ಬಿಸಿಲು ಬೀಳುವುದಾದರೆ ಬೇಡ, ಹತ್ತು ದಿನದ ಬಿಸಿಲಿಗೂ ಬಣ್ಣ ಪೇಲವವಾಗುತ್ತದೆ. ಫ್ಯಾನಿನ ನೇರ ಕೆಳಗೂ ಬೇಡ.

4. ಪಂಚೆ ಹಾಸುವುದು

ಪಂಚೆಯ ಅಗಲ ಸುಮಾರು 50 ಇಂಚು, ನಿಮ್ಮ ಹಲಗೆ 48 ಇಂಚು. ಅಳತೆ ಮಾಡಿಸಿದಂತೆ ಕೂರುತ್ತದೆ, ಅಂಚು ಎರಡೂ ಪಕ್ಕಕ್ಕೆ ಬರುತ್ತದೆ. ಉದ್ದದ ಲೆಕ್ಕ: ಮೆಟ್ಟಿಲೊಂದಕ್ಕೆ ಎತ್ತರ 9, ಆಳ 10, ಒಟ್ಟು 19 ಇಂಚು. ಐದಕ್ಕೆ 95, ಏಳಕ್ಕೆ 133. ಎಂಟು ಮೊಳದ ಪಂಚೆ 144 ಇಂಚು, ಏಳು ಮೆಟ್ಟಿಲಿನವರೆಗೆ ಒಂದೇ ಸಾಕು. ಒಂಬತ್ತಕ್ಕೆ 171 ಇಂಚು ಬೇಕು, ನಾಲ್ಕು ಮೊಳದ ಇನ್ನೊಂದನ್ನು ಕೆಳಗೆ ಸೇರಿಸಿ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯನ್ನು ಮೇಲಿನಿಂದ ಕೆಳಗೆ ಬಿಡುತ್ತ ಬನ್ನಿ. ಪ್ರತಿ ಮೆಟ್ಟಿಲ ಒಳಮೂಲೆಗೆ ಅಂಗೈಯಿಂದ ಒತ್ತಿ, ಪಕ್ಕದಲ್ಲಿ ಒಂದೊಂದು ಪಿನ್ನು ಹಾಕಿ. ಒಳಮೂಲೆ ಸಡಿಲ ಬಿಟ್ಟರೆ ಕೆಳಗೆ ಯಾರಾದರೂ ಬಟ್ಟೆ ಎಳೆದಾಗ ಮೇಲಿನ ಸಾಲು ಮುಂದಕ್ಕೆ ಜಾರುತ್ತದೆ. ಕೊನೆಯ ತುದಿಯನ್ನು ನೆಲದ ಮೇಲೆ ತೂಗಾಡಲು ಬಿಡದೆ ಕೆಳಗಿನ ಹಲಗೆಯ ಅಡಿಗೆ ಸಿಕ್ಕಿಸಿ. ತೆವಳುವ ಮಗು, ಬೆಕ್ಕು ಇರುವ ಮನೆಯಲ್ಲಿ ಇದು ಕಡ್ಡಾಯ. ಅಲ್ಲಿ ಮಣ್ಣಿನ ಗೊಂಬೆ ಮೂರನೆಯ ಮೆಟ್ಟಿಲಿನಿಂದ ಮೇಲಿರಲಿ, ಕೆಳಗೆ ಮರದವೇ ಇರಲಿ.

ಚಂದಕ್ಕೆಂದು ರೇಷ್ಮೆ ಸೀರೆ ಹಾಸುವವರಿದ್ದಾರೆ. ಜಾರುತ್ತದೆ, ಎಣ್ಣೆ ಬಿದ್ದರೆ ಸೀರೆಯೂ ಹೋಯಿತು. ಹಿಂದಿನ ಗೋಡೆಗೆ ಪರದೆಯಾಗಿ ಕಟ್ಟಿ, ಸೀರೆಯೂ ಕಾಣುತ್ತದೆ.

5. ಮೇಲಿನಿಂದ ಜೋಡಿಸುತ್ತ ಬನ್ನಿ

ಕೆಳಗಿನ ಸಾಲು ಮೊದಲು ಜೋಡಿಸಿದರೆ ಮೇಲಿನದಕ್ಕೆ ಕೈ ಎಟುಕುವುದಿಲ್ಲ. ಎಟುಕಿಸಲು ಹೋದಾಗಲೇ ಸೆರಗು ತಾಗಿ ಬೀಳುವುದು.

ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ. ರಾಜನ ಎಡಕ್ಕೆ ರಾಣಿ ಇರಬೇಕು, ಅಂದರೆ ಎದುರು ನಿಂತು ನೋಡುವ ನಿಮಗೆ ರಾಣಿ ಬಲಗಡೆ. ತಮ್ಮ ಎಡಕ್ಕೆ ಇಟ್ಟು ತಿರುವುಮುರುವು ಮಾಡುವವರೇ ಹೆಚ್ಚು. ಹತ್ತಿಂಚಿನ ರಾಣಿಗೆ ಸೀರೆಯಾಗಲು 24 ಇಂಚು ಉದ್ದ, 7 ಇಂಚು ಅಗಲದ ಜರಿ ಅಂಚಿನ ತುಂಡು ಸಾಕು, ಹಳೆಯ ರವಿಕೆ ಕಣದಲ್ಲೇ ಆಗುತ್ತದೆ. ನೆರಿಗೆ ಹಿಡಿದು ಸೊಂಟಕ್ಕೆ ದಾರ ಸುತ್ತಿ, ಸೆರಗನ್ನು ಇನ್ನೊಂದು ದಾರದಿಂದ ಭುಜಕ್ಕೆ ನಿಲ್ಲಿಸಿ. ಮರಕ್ಕೆ ಅಂಟು ಹಚ್ಚಬೇಡಿ, ಪಿನ್ನು ಚುಚ್ಚಬೇಡಿ. ಈ ಜೋಡಿ ನಿಮ್ಮ ಮಗಳಿಗೆ ಹೋಗುವಂಥದ್ದು.

ಕಳಶ ಇಡುವ ಮನೆಗಳಲ್ಲಿ ಅದೂ ಪಟ್ಟದ ಗೊಂಬೆಯ ಬಳಿಯೇ. ಕಳಶ ಇಟ್ಟ ಮೇಲೆ ದಿನವೂ ಪೂಜೆ, ನೈವೇದ್ಯ ಆಗಬೇಕು. ಮಧ್ಯೆ ಊರಿಗೆ ಹೋಗುವ ಯೋಚನೆಯಿದ್ದರೆ ಕಳಶ ಬಿಟ್ಟು ಗೊಂಬೆ ಮಾತ್ರ ಕೂರಿಸುವುದು ಜಾಣತನ.

ಅದರ ಕೆಳಗೆ ದೇವರುಗಳು, ದಶಾವತಾರ. ದಶಾವತಾರ ನೋಡುವವರ ಎಡದಿಂದ ಬಲಕ್ಕೆ: ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ, ಪರಶುರಾಮ, ರಾಮ, ಆಮೇಲೆ ಬಲರಾಮ ಮತ್ತು ಕೃಷ್ಣ, ಕೊನೆಗೆ ಕಲ್ಕಿ. ಕೆಲವು ಸೆಟ್ಟಿನಲ್ಲಿ ಬಲರಾಮ ಇಲ್ಲ, ಕೃಷ್ಣನ ನಂತರ ಬುದ್ಧ ಇರುತ್ತಾನೆ. ಎರಡೂ ಸರಿ. ಪ್ರತಿ ಗೊಂಬೆಯ ತಳಕ್ಕೆ ಪೆನ್ಸಿಲಿನಲ್ಲಿ 1ರಿಂದ 10 ಬರೆದಿಡಿ, ನೇಗಿಲು ಹಿಡಿದವನು ಯಾರು, ಕೊಡಲಿ ಹಿಡಿದವನು ಯಾರು ಎಂಬ ವಾದ ತಪ್ಪುತ್ತದೆ.

ಕೆಳಗಿನ ಮೆಟ್ಟಿಲುಗಳು ಸಂಸಾರದ್ದು: ಮದುವೆ ದಿಬ್ಬಣ, ತರಕಾರಿ ಸಂತೆ, ಶೆಟ್ಟರ ದಿನಸಿ ಅಂಗಡಿ. ಅಂಗಡಿಯ ಮುಂದೆ ಅಕ್ಕಿ, ಬೇಳೆ, ಬೆಲ್ಲ ಸುರಿಯುವುದು ಚಂದ, ಆದರೆ ನೇರ ಬಟ್ಟೆಯ ಮೇಲೆ ಬೇಡ, ಪುಟ್ಟ ತಟ್ಟೆಗಳಲ್ಲಿ ಇಡಿ. ಬೆಲ್ಲ, ಸಕ್ಕರೆ ಇಟ್ಟರೆ ಎರಡನೆಯ ದಿನಕ್ಕೇ ಇರುವೆ ಸಾಲು ಹಿಡಿಯುತ್ತದೆ. ಬೆಲ್ಲದ ಬದಲು ಕಂದು ಬಣ್ಣದ ಜೇಡಿಮಣ್ಣಿನ ಉಂಡೆ ಇಡಿ, ಯಾರಿಗೂ ಗೊತ್ತಾಗುವುದಿಲ್ಲ.

ಮೈಸೂರಿನ ಮನೆಯೆಂದ ಮೇಲೆ ಜಂಬೂ ಸವಾರಿ ಇರಲೇಬೇಕು. ಅದಕ್ಕೊಂದು ಕ್ರಮವಿದೆ. ಮುಂದೆ ನಿಶಾನೆ ಆನೆ (ಧ್ವಜ ಹೊತ್ತದ್ದು) ಮತ್ತು ನೌಪತ್ ಆನೆ. ಆಮೇಲೆ ನಂದಿಧ್ವಜ, ಡೊಳ್ಳು, ಕಂಸಾಳೆಯಂಥ ತಂಡಗಳು, ಸ್ತಬ್ಧಚಿತ್ರಗಳು. ಅಂಬಾರಿ ಆನೆ ಕೊನೆಯ ಭಾಗದಲ್ಲಿ, ಅದರ ಎಡಬಲಕ್ಕೆ ಒಂದೊಂದು ಕುಮ್ಕಿ ಆನೆ. ಅಂಬಾರಿಯನ್ನು ಎಲ್ಲಕ್ಕೂ ಮುಂದೆ ನಿಲ್ಲಿಸಿಬಿಟ್ಟರೆ ಅದನ್ನು ಪ್ರತಿ ವರ್ಷ ರಸ್ತೆ ಬದಿಯಲ್ಲಿ ನಿಂತು ನೋಡಿದವರು ಸುಮ್ಮನಿರುವುದಿಲ್ಲ. ಅಂಬಾರಿಯೊಳಗೆ ಚಾಮುಂಡೇಶ್ವರಿ ಇರಲಿ. ನಿಜವಾದ ಅಂಬಾರಿಯ ತೂಕ 750 ಕೆ.ಜಿ. ಎಂದು ಮಕ್ಕಳಿಗೆ ಹೇಳಿ, ಆನೆಯನ್ನು ನೋಡುವ ಅವರ ಕಣ್ಣೇ ಬದಲಾಗುತ್ತದೆ.

6. ರಾಗಿ ಹುಲ್ಲು

ಕೆಳಗಿನ ಮೆಟ್ಟಿಲ ಮುಂದೆ ಉದ್ಯಾನವೋ ಹೊಲವೋ ಬೇಕಲ್ಲ, ಅದಕ್ಕೆ ರಾಗಿ ಮೊಳಕೆಯಷ್ಟು ಚೆಂದದ್ದು ಪ್ಲಾಸ್ಟಿಕ್ಕಿನಲ್ಲಿ ಸಿಗುವುದಿಲ್ಲ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಟ್ರೇನಲ್ಲಿ ಒಂದಿಂಚು ಮಣ್ಣು ಹರಡಿ ಮೇಲೆ ಒತ್ತಾಗಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಕೂಡಲೇ ಬಟ್ಟೆ ತೆಗೆದು ಬೆಳಕಿಗೆ ಇಡಿ. ನಾಲ್ಕೈದು ದಿನಕ್ಕೆ ಒಂದಿಂಚಿನ ಹಸಿರು.

ತಪ್ಪುವುದು ಎರಡು ಕಡೆ. ನೀರು ಸುರಿದರೆ ಬೂಷ್ಟು ಬರುತ್ತದೆ, ಚಿಮುಕಿಸಬೇಕು. ಎರಡನೆಯದು ಲೆಕ್ಕ: ಈ ಹುಲ್ಲು ಮನೆಯೊಳಗೆ ಒಂದು ವಾರದ ಮೇಲೆ ಹಳದಿಗೆ ತಿರುಗಿ ಒರಗುತ್ತದೆ. ಆದ್ದರಿಂದ ಒಂದು ಟ್ರೇಯನ್ನು ಪಾಡ್ಯಕ್ಕೆ ನಾಲ್ಕು ದಿನ ಮೊದಲು, ಇನ್ನೊಂದನ್ನು ಪಾಡ್ಯದ ದಿನವೇ ಬಿತ್ತಿ. ಪಂಚಮಿ, ಷಷ್ಠಿಗೆ ಅದಲುಬದಲು ಮಾಡಿದರೆ ದಶಮಿಯವರೆಗೂ ಹಸಿರು. ಟ್ರೇ ಅಡಿಗೆ ಪ್ಲಾಸ್ಟಿಕ್ ಹಾಳೆ ಇರಲಿ, ಪಂಚೆ ತೇವವಾದರೆ ಹತ್ತಿರದ ಗೊಂಬೆಯ ತಳ ತೇವ ಎಳೆದುಕೊಳ್ಳುತ್ತದೆ.

7. ದೀಪ

ಎಣ್ಣೆ ದೀಪ ಮೆಟ್ಟಿಲ ಮೇಲೆ ಬೇಡವೇ ಬೇಡ. ಮುಂದೆ ಎರಡಡಿ ಬಿಟ್ಟು ನೆಲದ ಮೇಲೆ, ಮಣೆಯ ಮೇಲೆ ಇಡಿ. ಪಂಚೆ, ಕಾಗದದ ತೋರಣ, ಥರ್ಮೋಕೋಲು ಇಷ್ಟೂ ಒಂದೇ ಕಿಡಿಗೆ ಕಾದಿರುವ ಸಾಮಾನು. ದೀಪ ಹತ್ತಿರವಿದ್ದರೆ ಅರಗಿನ ಗೊಂಬೆಯ ಮೈ ಬಿಸಿಗೆ ಮೆತ್ತಗಾಗಿ ಬಟ್ಟೆಗೆ ಅಂಟುತ್ತದೆ. ಎಲ್‌ಇಡಿ ಸರದ ವೈರನ್ನು ಪಂಚೆಯ ಅಡಿಯಲ್ಲಿ ಎಳೆಯಬೇಡಿ, ಪಕ್ಕದಲ್ಲೇ ಬರಲಿ. ಮಲಗುವ ಮುನ್ನ ಪ್ಲಗ್ಗು ತೆಗೆಯಿರಿ.

8. ಆರತಿ ಮತ್ತು ಚರ್ಪು

ಸಂಜೆ ದೀಪ ಹಚ್ಚಿ, ಹಾಡು ಹೇಳಿ, ಆರತಿ ಎತ್ತಿ, ಬಂದ ಹೆಂಗಸರಿಗೆ ಅರಿಶಿನ ಕುಂಕುಮ, ಮಕ್ಕಳಿಗೆ ಚರ್ಪು. ‘ಗೊಂಬೆ ಕೂರ್ಸಿದ್ದೀರಾ?’ ಎಂದು ಮಕ್ಕಳು ಬಾಗಿಲು ತಟ್ಟುವ ಬೀದಿಗಳು ಈಗ ಕಡಿಮೆ. ನೀವೇ ಕರೆಯಬೇಕು. ಒಂಬತ್ತೂ ದಿನ ಎಲ್ಲರನ್ನೂ ಕರೆದು ದಣಿಯಬೇಡಿ. ಎರಡು ಸಂಜೆ ಗೊತ್ತು ಮಾಡಿ, ಅವುಗಳಲ್ಲೊಂದು ವಾರದ ರಜೆಯ ದಿನ ಬರಲಿ.

ಹದಿನೈದು ಮಕ್ಕಳಿಗೆ ಕಡಲೆಕಾಳು ಉಸಲಿ: ಕಪ್ಪು ಕಡಲೆ 250 ಗ್ರಾಂ ಹತ್ತು ಗಂಟೆ ನೆನೆಸಿ. ನೆಂದ ನೀರು ಚೆಲ್ಲಿ, ಕಾಳು ಮುಳುಗುವಷ್ಟು ಹೊಸ ನೀರು, ಒಂದು ಚಮಚ ಉಪ್ಪು ಹಾಕಿ ಕುಕ್ಕರಿನಲ್ಲಿ 4–5 ಕೂಗು. ಬಸಿದು ಹತ್ತು ನಿಮಿಷ ಜರಡಿಯಲ್ಲೇ ಬಿಡಿ. ಎರಡು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಮೂರು ಒಣಮೆಣಸಿನಕಾಯಿ, ಇಂಗು, ಕರಿಬೇವು. ಕಾಳು ಹಾಕಿ ಐದು ನಿಮಿಷ ಕೈಯಾಡಿಸಿ. ಒಲೆ ಆರಿಸಿದ ಮೇಲೆ ಅರ್ಧ ಬಟ್ಟಲು ಕಾಯಿತುರಿ, ಅರ್ಧ ನಿಂಬೆಹಣ್ಣಿನ ರಸ. ಮಕ್ಕಳಿಗಾದ್ದರಿಂದ ಮೆಣಸಿನಕಾಯಿ ಮುರಿಯದೆ ಇಡಿಯಾಗಿ ಹಾಕಿ.

ಬಸಿಯುವ ಆತುರದಲ್ಲಿ ನೀರು ಉಳಿದರೆ ಉಸಲಿ ಪಿಚಪಿಚ ಎನ್ನುತ್ತದೆ. ಹಳೆಯ ಕಾಳಾದರೆ ಎಷ್ಟು ಕೂಗಿಸಿದರೂ ಬೇಯದು, ಹಬ್ಬಕ್ಕೆ ಹೊಸ ಕಾಳು ತನ್ನಿ. ಕಾಯಿತುರಿ ಹಾಕಿದ್ದು ಸಂಜೆ ಐದಕ್ಕೆ ಮಾಡಿದರೆ ರಾತ್ರಿ ಒಂಬತ್ತರೊಳಗೆ ಮುಗಿಯಬೇಕು. ಹೆಚ್ಚು ಹೊತ್ತು ಇಡಬೇಕಿದ್ದರೆ ಒಗ್ಗರಣೆವರೆಗೆ ಮಾಡಿಟ್ಟು, ಹಂಚುವ ಮುನ್ನ ಕಾಯಿ ಬೆರೆಸಿ.

ದಿನಕ್ಕೊಂದು ಕಾಳು ಬದಲಿಸುವವರಿಗೆ: ಹೆಸರುಕಾಳು ಆರು ಗಂಟೆ ನೆನೆ, ಒಂದೇ ಕೂಗು, ಹೆಚ್ಚಾದರೆ ಮುದ್ದೆ. ಅಲಸಂದೆ ಐದು ಗಂಟೆ, ಎರಡು ಕೂಗು. ಒಣ ಬಟಾಣಿ ಎಂಟು ಗಂಟೆ, ಎರಡು ಕೂಗು. ಕಡಲೆಬೀಜದ ಉಸಲಿ ಮಾಡುವ ದಿನ ಬರುವ ಮಕ್ಕಳಲ್ಲಿ ಯಾರಿಗಾದರೂ ಅದು ಒಗ್ಗುವುದಿಲ್ಲವೇ ಎಂದು ಮೊದಲೇ ಕೇಳಿ.

ಸಪ್ತಮಿಯ ಸುಮಾರಿಗೆ, ಮೂಲಾ ನಕ್ಷತ್ರವಿರುವ ದಿನ ಕೆಳಗಿನ ಮೆಟ್ಟಿಲಲ್ಲಿ ಜಾಗ ಮಾಡಿ ಸರಸ್ವತಿಯನ್ನೂ ಪುಸ್ತಕಗಳನ್ನೂ ಇಡಿ. ಪರೀಕ್ಷೆ ಹತ್ತಿರವಿರುವ ಮಗುವಿನ ಪುಸ್ತಕ ಇಡುವ ಮೊದಲು ಅವರನ್ನೇ ಕೇಳಿ, ವಿಸರ್ಜನೆಯವರೆಗೆ ತೆಗೆಯುವಂತಿಲ್ಲ.

ಹೊರದೇಶದವರಿಗೆ ಒಂದು ಎಚ್ಚರಿಕೆ

ರಕ್ತಚಂದನ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಮರ, ಭಾರತದಿಂದ ಹೊರಗೆ ಒಯ್ಯಲು ಕಟ್ಟುನಿಟ್ಟಿನ ನಿರ್ಬಂಧವಿದೆ. ಅಜ್ಜಿಯ ಪಟ್ಟದ ಗೊಂಬೆಯನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ವಿಮಾನ ನಿಲ್ದಾಣದಲ್ಲಿ ಅದು ಗೊಂಬೆಯಲ್ಲ, ಮರ. ಬೇರೆ ಮರದ ಜೋಡಿ ಕೊಂಡು, ರಸೀದಿ ಜೊತೆಗಿಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಯಾವ ಮರದ ಗೊಂಬೆಯನ್ನೂ ಬಿತ್ತುವ ಕಾಳನ್ನೂ ಇಳಿದ ಕೂಡಲೇ ಘೋಷಿಸಬೇಕು.

9. ಎತ್ತಿಡುವುದು

ವಿಜಯದಶಮಿಯ ರಾತ್ರಿ ಆರತಿ ಮಾಡಿ ಪಟ್ಟದ ಗೊಂಬೆಯನ್ನು ಮಲಗಿಸುತ್ತಾರೆ. ಮಾರನೆಯ ದಿನ ಎತ್ತಿಡುವುದು. ಮಂಗಳವಾರ, ಶುಕ್ರವಾರ ಬಂದರೆ ಒಂದು ದಿನ ಮುಂದಕ್ಕೆ ಹಾಕುವ ಮನೆಗಳುಂಟು.

ಗೊಂಬೆ ಮುಟ್ಟುವ ಮೊದಲು ಪ್ರತಿ ಮೆಟ್ಟಿಲಿನ ಫೋಟೋ ಒಂದೊಂದು ತೆಗೆಯಿರಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ತೆಗೆಯುತ್ತ ಹೋಗಿ. ಎತ್ತುವಾಗ ತಲೆಯನ್ನೋ ಕೈಯನ್ನೋ ಹಿಡಿಯಬೇಡಿ, ಒಂದು ಕೈ ತಳಕ್ಕೆ, ಒಂದು ಕೈ ಬೆನ್ನಿಗೆ. ತೆಗೆದದ್ದನ್ನೆಲ್ಲ ಒಂದು ದಿನ ನೆರಳಲ್ಲಿ ಗಾಳಿಯಾಡಲು ಬಿಡಿ. ದಸರಾ ಹೊತ್ತಿಗೆ ಹಿಂಗಾರು ಶುರುವಾಗಿ ಮನೆಯೊಳಗೆ ತೇವ ಇರುತ್ತದೆ. ಅದೇ ತೇವದೊಂದಿಗೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಬೇಸಿಗೆಯ ಹೊತ್ತಿಗೆ ಮೈ ತುಂಬ ಬೂಷ್ಟಿನ ಚುಕ್ಕೆ.

ಸುತ್ತುವ ಕ್ರಮ ಹೀಗೆ. ಮೂಗು, ಬೆರಳು, ಕೊಳಲು, ಬಿಲ್ಲು, ಹೀಗೆ ಹೊರಚಾಚಿದ್ದಕ್ಕೆ ಮೊದಲು ಹತ್ತಿ. ಅದರ ಮೇಲೆ ಹಳೆಯ ಪಂಚೆಯ ತುಂಡು ಅಥವಾ ಅಚ್ಚಾಗದ ತೆಳು ಕಾಗದ. ಸುದ್ದಿಪತ್ರಿಕೆ ಬೇಕಿದ್ದರೆ ಅದರ ಹೊರಗೆ ಮಾತ್ರ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಪತ್ರಿಕೆಯನ್ನು ನೇರ ಮುಖಕ್ಕೆ ಸುತ್ತಿದರೆ ಶಾಯಿ ಮುಖಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಅಟ್ಟ ಕಾದು ಬಣ್ಣ ಮೆತ್ತಗಾದಾಗ ಮುಖದ ಬಣ್ಣ ಕಾಗದಕ್ಕೆ ಹೋಗುತ್ತದೆ. ಆಗಲೇ ಅಂಟಿದ್ದರೆ ಎಳೆಯಬೇಡಿ. ಸಡಿಲವಾಗಿರುವಷ್ಟು ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಉಳಿದ ಚೂರನ್ನು ಒಣ ಬ್ರಷ್ಷಿನಿಂದ ಉದುರಿಸಿ, ಬಣ್ಣ ಹೋದ ಜಾಗಕ್ಕೆ ಪೋಸ್ಟರ್ ಬಣ್ಣ ತಾಗಿಸಿ.

ಮರದ ಗೊಂಬೆಯ ಕೆಳಗೆ ಸಣ್ಣ ಹುಡಿ, ಮೈಯಲ್ಲಿ ಸೂಜಿಯ ತೂತು ಕಂಡರೆ ಕುಟ್ಟೆ ಹುಳು ಹಿಡಿದಿದೆ. ಅದನ್ನು ಉಳಿದವುಗಳ ಜೊತೆ ಇಡಬೇಡಿ, ಪ್ರತ್ಯೇಕ ಡಬ್ಬಿಗೆ ಹಾಕಿ ಮರದ ಹುಳದ ಔಷಧಿ ತೂತಿಗೆ ಬಿಡಿ. ಉಳಿದ ಪೆಟ್ಟಿಗೆಗಳಿಗೆ ಬಜೆ ಬೇರು, ಗರಿಗರಿಯಾಗಿ ಒಣಗಿದ ಬೇವಿನ ಎಲೆ. ಹಸಿ ಬೇವು ಹಾಕಿದರೆ ಅದೇ ತೇವಕ್ಕೆ ದಾರಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯ ಗಂಟು ಕಟ್ಟಿ ಮುಚ್ಚಳದ ಮೂಲೆಗೆ ತೂಗುಹಾಕಿ. ಗೊಂಬೆಗೆ ತಾಗಿಕೊಂಡಿದ್ದರೆ ಪ್ಲಾಸ್ಟಿಕ್ಕನ್ನೂ ಕೆಲವು ಬಣ್ಣಗಳನ್ನೂ ಮೆತ್ತಗೆ ಮಾಡಿ ಕಲೆ ಬಿಡುತ್ತದೆ. ಮಕ್ಕಳ ಕೈಗೆ ಸಿಗದಂತೆಯೂ ನೋಡಿಕೊಳ್ಳಿ.

ತಗಡಿನ ಟ್ರಂಕು ಎಲ್ಲಕ್ಕಿಂತ ಮೇಲು. ಹುಣಸೆ ಬೀಜದ ಅಂಟು, ಕಾಗದದ ಗೊಂಬೆಯ ಮೈದಾ ಅಂಟು ಇಲಿಗೂ ಬೆಳ್ಳಿ ಹುಳಕ್ಕೂ ಊಟ, ರಟ್ಟಿನ ಪೆಟ್ಟಿಗೆ ಅವಕ್ಕೆ ಅಡ್ಡಿಯೇ ಅಲ್ಲ. ಭಾರದ ಮಣ್ಣಿನ ಗೊಂಬೆ ಕೆಳಗೆ ನಿಲ್ಲಿಸಿ, ಹಗುರದ್ದು ಮೇಲೆ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಕುತ್ತಿಗೆಯಲ್ಲಿ ಬಿರುಕು ಬರುತ್ತದೆ. ಪೆಟ್ಟಿಗೆಯ ಹೊರಗೆ ಸಂಖ್ಯೆ, ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ.

ಒಂದನೆಯ ಸಂಖ್ಯೆಯ ಪೆಟ್ಟಿಗೆ ಅಟ್ಟದ ಮುಂಭಾಗಕ್ಕೆ, ಎಲ್ಲಕ್ಕೂ ಕೊನೆಯಲ್ಲಿ ಹೋಗಲಿ. ಅದರಲ್ಲಿ ಪಟ್ಟದ ಗೊಂಬೆ, ಒಗೆದು ಮಡಿಸಿದ ಪಂಚೆ, ಪಿನ್ನುಗಳು, ಮತ್ತೆ ನಟ್ಟು ಬೋಲ್ಟಿನ ಪೊಟ್ಟಣದ ಜೊತೆಗೇ ಸ್ಪ್ಯಾನರ್. ಸ್ಪ್ಯಾನರನ್ನು ಬೇರೆ ಕಡೆ ಇಟ್ಟರೆ ಮುಂದಿನ ಅಮಾವಾಸ್ಯೆಯ ಸಂಜೆ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಯಾರಾದರೊಬ್ಬರು ಓಡಬೇಕಾಗುತ್ತದೆ.